ಹಾದಿಗೊಂದು ಜೋಡಿ



ಯುಗಾದಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ನಮ್ಮ ಭಾಗದ ಹಾದಿಗಳಲ್ಲಿ ಶ್ರೀಶೈಲಕ್ಕೆ ಹೊರಟವರ ಸಾಲು ಕಾಣತೊಡಗುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯವರಷ್ಟೇ ಅಲ್ಲ, ಬಾಗಲಕೋಟೆ, ಬೆಳಗಾವಿ ಜಿಲ್ಲೆಯವರೂ ಮಲ್ಲಯ್ಯನ ಕಂಬಿಯ ಹಿಂದೆ ನಡೆಯುತ್ತಾರೆ. ಆ ಸಾಲಿನಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ನಲವತ್ತು ದಾಟಿದವರು, ಅರವತ್ತು ದಾಟಿದವರು, ವರ್ಷದ ಉಳಿದ ದಿನಗಳಲ್ಲಿ ಪೇಟೆಗೆ ಹೋಗಲು ಆಟೊ ಕಾಯುವವರು. ತಲೆಯ ಮೇಲೆ ಸೆರಗು, ಬಗಲಲ್ಲಿ ಗಂಟು, ಬೊಬ್ಬೆ ಬಂದ ಪಾದಕ್ಕೆ ಸುತ್ತಿದ ಬಟ್ಟೆ. ಹಾಗೆಯೇ ನೂರಾರು ಕಿಲೋಮೀಟರ್ ನಡೆದು, ಕೊನೆಗೆ ಕಾಡಿನೊಳಗೆ ಭೀಮನಕೊಳ್ಳ ಇಳಿದು ಹತ್ತಿ, ಮಲ್ಲಿಕಾರ್ಜುನನ ಮುಂದೆ ಕೈಮುಗಿದು ನಿಲ್ಲುತ್ತಾರೆ. ಇದಕ್ಕೆಲ್ಲ ಭಕ್ತಿಯೇ ಕಾರಣ ಎನ್ನುವುದು ನಿಜ. ಆದರೆ ಭಕ್ತಿ ಶ್ರಾವಣದಲ್ಲೂ ಇರುತ್ತದೆ, ದೀಪಾವಳಿಯಲ್ಲೂ ಇರುತ್ತದೆ, ಕಾಲುಗಳೂ ಅವೇ. ಯುಗಾದಿಗೆ ಮುಂಚಿನ ಆ ವಾರಗಳಲ್ಲಿ ಮಾತ್ರ ಇನ್ನೊಂದು ಸಂಗತಿ ಕೂಡಿಕೊಳ್ಳುತ್ತದೆ. ಅಲ್ಲಿ ಯಾರೂ ಒಬ್ಬರೇ ನಡೆಯುವುದಿಲ್ಲ. ದಾರಿಯ ಊರಿನವರು ನೀರು ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಹಿಂದೆ ಬಿದ್ದವಳನ್ನು ಮುಂದಿನವರು ನಿಂತು ಕೂಗುತ್ತಾರೆ. ಆ ಕೂಗುವ ದನಿ ವರ್ಷವಿಡೀ ದಿನಕ್ಕೊಮ್ಮೆ ಕೇಳಿಸುವಂತಾದರೆ, ಅದೂ ಕೈಯಲ್ಲಿರುವ ಮೊಬೈಲಿನಿಂದಲೇ ಕೇಳಿಸುವಂತಾದರೆ, ಕೂತೇ ದಿನ ಕಳೆಯುವ ಹೆಣ್ಣುಮಕ್ಕಳು ನಡೆಯತೊಡಗುತ್ತಾರೆಯೇ? ಇವತ್ತಿನ ನನ್ನ ಮಾತು ಇಷ್ಟರ ಮೇಲೆಯೇ.

ಕೂತೇ ದಿನ ಕಳೆಯುವ ಹೆಣ್ಣುಮಕ್ಕಳು ಎಂದೊಡನೆ ಒಂದು ಆಕ್ಷೇಪ ಬರುತ್ತದೆ, ಅದು ಬರಬೇಕಾದದ್ದೇ. ನಮ್ಮ ಹೆಣ್ಣುಮಕ್ಕಳು ಎಲ್ಲಿ ಕೂತಿದ್ದಾರೆ, ಬೆಳಗಾದರೆ ತೊಗರಿ ಹೊಲದಲ್ಲಿ ಕಸ ತೆಗೆಯುತ್ತಾರೆ, ಹತ್ತಿ ಬಿಡಿಸುತ್ತಾರೆ, ಬುಟ್ಟಿ ಹೊತ್ತು ಬರುತ್ತಾರೆ ಎಂದು ಕೇಳುವವರಿದ್ದಾರೆ. ಹೊಲಕ್ಕೆ ಹೋಗುವ ಕೂಲಿ ಹೆಣ್ಣುಮಗಳಿಗೆ ಇನ್ನಷ್ಟು ನಡೆ ಎಂದು ಯಾರೂ ಹೇಳಬಾರದು; ಆಕೆಗೆ ಬೇಕಾದದ್ದು ವಿಶ್ರಾಂತಿ ಮತ್ತು ಊಟ. ನಾನು ಹೇಳುತ್ತಿರುವುದು ಮುದ್ದೇಬಿಹಾಳ, ತಾಳಿಕೋಟೆ, ನಾಲತವಾಡದಂಥ ಊರುಗಳ ಓಣಿಗಳಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಬದುಕು ಬದಲಾದ ಹೆಂಗಸರ ಬಗ್ಗೆ. ಬೀಸುಕಲ್ಲು ಮೂಲೆ ಸೇರಿ ಗಿರಣಿ ಬಂತು. ಒಳಕಲ್ಲಿನ ಜಾಗಕ್ಕೆ ಮಿಕ್ಸರ್ ಬಂತು. ಬಾವಿಯ ಬದಲು ಮನೆ ಮುಂದೆ ನಳ, ಕಟ್ಟಿಗೆಯ ಬದಲು ಸಿಲಿಂಡರ್. ಇವೆಲ್ಲ ಬರಲೇಬೇಕಿತ್ತು, ಮೊಳಕಾಲು ಸವೆಸಿದ ಆ ದುಡಿತ ಮರಳಿ ಬರಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಹೋದ ದುಡಿತದ ಜೊತೆಗೇ ನಡಿಗೆಯೂ ಹೋಯಿತು. ಹೊಲಿಗೆ ಯಂತ್ರದ ಮುಂದೆ, ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ, ಕಚೇರಿಯ ಕುರ್ಚಿಯಲ್ಲಿ, ಟಿ.ವಿ. ಎದುರಿನ ಚಾಪೆಯ ಮೇಲೆ ದಿನ ಸರಿಯುತ್ತದೆ. ಕೆಲಸ ಕಡಿಮೆಯಾಗಿಲ್ಲ, ಬೆಳಗಿನಿಂದ ರಾತ್ರಿಯ ತನಕ ಇದೆ; ಆದರೆ ಅದು ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಿತ್ತಲಿಗೆ ಹತ್ತಿಪ್ಪತ್ತು ಹೆಜ್ಜೆಯ ಸುತ್ತು. ಕೈ ದಣಿಯುತ್ತದೆ, ಬೆನ್ನು ನೋಯುತ್ತದೆ, ಎದೆಯ ಬಡಿತ ಮಾತ್ರ ಏರುವುದಿಲ್ಲ.

ಇದು ಬರೀ ನಮ್ಮ ತಾಲೂಕಿನ ಕತೆಯಲ್ಲ. ಭಾರತದ ವಯಸ್ಕರಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದವರು 2000ನೇ ಇಸವಿಯಲ್ಲಿ ನೂರಕ್ಕೆ ಸುಮಾರು 22 ಇದ್ದರು, 2022ರ ಹೊತ್ತಿಗೆ ಅವರು 49 ದಾಟಿದರು ಎಂದು 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳುತ್ತದೆ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಕರ್ನಾಟಕದಲ್ಲಿ ತೂಕ ಹೆಚ್ಚಿರುವ ಹೆಂಗಸರು ನೂರಕ್ಕೆ 30ರಷ್ಟಿದ್ದಾರೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಅವರು 23ರಷ್ಟಿದ್ದರು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂಬುದು 2023ರ ಲೆಕ್ಕ. ಹೊಸ್ತಿಲಲ್ಲಿ ಇದ್ದವರು ಒಳಗೆ ಹೋಗದಂತೆ ತಡೆಯಲು ಸಾಧ್ಯವೆಂದು ಚೆನ್ನೈನ ವೈದ್ಯರು 2006ರಲ್ಲೇ ತೋರಿಸಿದ್ದರು. 531 ಜನರನ್ನು ಮೂರು ವರ್ಷದ ತನಕ ಗಮನಿಸಿದಾಗ, ಊಟದ ಹಿಡಿತ ಮತ್ತು ದಿನಕ್ಕೆ ಅರ್ಧ ತಾಸಿನ ನಡಿಗೆಯಂಥ ಬದಲಾವಣೆ ಮಾಡಿಕೊಂಡವರಲ್ಲಿ, ಮಾತ್ರೆಯ ಹಂಗಿಲ್ಲದೆ, ಕಾಯಿಲೆಯ ಅಪಾಯ ನೂರಕ್ಕೆ 28ರಷ್ಟು ತಗ್ಗಿತ್ತು. ಎಷ್ಟು ನಡೆಯಬೇಕು ಎಂಬ ಪ್ರಶ್ನೆಗೂ ಉತ್ತರವಿದೆ, ಅದು ಹೆದರಿಸುವಂಥದ್ದಲ್ಲ. ಹತ್ತು ಸಾವಿರ ಹೆಜ್ಜೆ ಎಂಬ ಜನಪ್ರಿಯ ಮಾತು ಹುಟ್ಟಿದ್ದು ವೈದ್ಯರ ಬಳಿಯಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅಮೆರಿಕದಲ್ಲಿ ಸರಾಸರಿ 72 ವರ್ಷದ 16,741 ಹೆಂಗಸರ ಹೆಜ್ಜೆಗಳನ್ನು ಎಣಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ನೂರಕ್ಕೆ 41ರಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಂದರೆ ಏನೂ ನಡೆಯದವಳು ಒಂದಿಷ್ಟು ನಡೆಯತೊಡಗುವುದರಲ್ಲೇ ದೊಡ್ಡ ಲಾಭವಿದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ನಡೆಯುವುದಿಲ್ಲ? ತಿಳಿವಳಿಕೆ ಕಡಿಮೆ ಎಂದು ಆರೋಗ್ಯ ಇಲಾಖೆಯ ಭಿತ್ತಿಪತ್ರಗಳು ಭಾವಿಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಶುಗರ್ ಎಂದು ಗೊತ್ತಾದ ಮರುದಿನವೇ ಬಹಳ ಜನ ಹೆಣ್ಣುಮಕ್ಕಳು ಅಡ್ಡಾಡಲು ಶುರು ಮಾಡುತ್ತಾರೆ. ಒಂದು ವಾರ ನಡೆಯುತ್ತದೆ, ಎರಡು ವಾರ ನಡೆಯುತ್ತದೆ. ಮೂರನೆಯ ವಾರಕ್ಕೆ ಮನೆಗೆ ಬೀಗರು ಬರುತ್ತಾರೆ, ಇಲ್ಲವೇ ಮಗುವಿಗೆ ಜ್ವರ, ಇಲ್ಲವೇ ಸೀಮಂತ, ಮದುವೆ, ಜಾತ್ರೆ. ನಾಲ್ಕು ದಿನ ತಪ್ಪುತ್ತದೆ. ಐದನೆಯ ದಿನ ಮತ್ತೆ ಶುರು ಮಾಡುವುದಕ್ಕೆ ಬೇಕಾದ ಬಲ ಮೊದಲ ದಿನಕ್ಕಿಂತ ಹೆಚ್ಚು, ಯಾಕೆಂದರೆ ಆಗ ಹೆದರಿಕೆ ಹಳೆಯದಾಗಿರುತ್ತದೆ, ಕೇಳುವವರೂ ಇರುವುದಿಲ್ಲ. ಸೋಲು ಇರುವುದು ಶುರುವಿನಲ್ಲಿ ಅಲ್ಲ, ಈ ಐದನೆಯ ದಿನದಲ್ಲಿ.

ಈ ಐದನೆಯ ದಿನಕ್ಕೆ ಜೋಡಿ ಬೇಕು ಎನ್ನಲು ನನಗೆ ಆಧಾರವಾಗಿರುವುದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಹೆಚ್ಚು ಓಡಾಡದ, ಜೊತೆಗೆ ತೂಕವೋ ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಇದ್ದ 324 ಜನರನ್ನು ಆರಿಸಿ, ಎಲ್ಲರಿಗೂ ಹೆಜ್ಜೆ ಎಣಿಸುವ ಯಂತ್ರ ಕೊಟ್ಟರು. ಎಲ್ಲರಿಗೂ ಇಂಟರ್‌ನೆಟ್ ಮೂಲಕ ಗುರಿಯನ್ನೂ ಲೆಕ್ಕವನ್ನೂ ತಿಳಿಸುತ್ತಿದ್ದರು. ವ್ಯತ್ಯಾಸ ಒಂದೇ: ಒಂದು ಗುಂಪಿನವರಿಗೆ ಮಾತ್ರ ತಮ್ಮತಮ್ಮೊಳಗೆ ಸಂದೇಶ ಹಾಕಿಕೊಂಡು ಮಾತಾಡಲು ಅವಕಾಶವಿತ್ತು. 16 ವಾರದ ನಂತರ ನೋಡಿದರೆ ಎರಡೂ ಕಡೆಯವರ ಹೆಜ್ಜೆಗಳು ಹೆಚ್ಚಿದ್ದವು, ಮತ್ತು ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಆನ್‌ಲೈನ್ ಜೊತೆಗಾರಿಕೆಯಿಂದ ಏನೂ ಉಪಯೋಗವಿಲ್ಲ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಕೊನೆಯ ತನಕ ಉಳಿದವರನ್ನು ಎಣಿಸಿದಾಗ ಬೇರೆ ಚಿತ್ರ ಕಂಡಿತು. ಮಾತಾಡುವ ಅವಕಾಶ ಇಲ್ಲದ ಗುಂಪಿನಲ್ಲಿ ನೂರಕ್ಕೆ 66 ಜನ ಉಳಿದಿದ್ದರು. ಅವಕಾಶ ಇದ್ದ ಗುಂಪಿನಲ್ಲಿ 79. ಜೋಡಿ ಇದ್ದವರು ಇಲ್ಲದವರಿಗಿಂತ ಹೆಚ್ಚು ನಡೆಯಲಿಲ್ಲ, ಆದರೆ ನಡುವೆ ಬಿಟ್ಟವರು ಅವರಲ್ಲಿ ಕಡಿಮೆ. ಶ್ರೀಶೈಲದ ಹಾದಿಯಲ್ಲೂ ಜೊತೆಯವರ ಕೂಗು ಯಾರ ಕಾಲಿಗೂ ವೇಗ ತರುವುದಿಲ್ಲ, ಹಿಂದೆ ಬಿದ್ದವಳು ಅಲ್ಲೇ ಕೂತುಬಿಡದಂತೆ ನೋಡಿಕೊಳ್ಳುತ್ತದೆ. ನಾವು ಮೊಬೈಲ್ ಗ್ರೂಪ್‌ನಿಂದ ನಿರೀಕ್ಷಿಸಬೇಕಾದದ್ದೂ ಅಷ್ಟೇ, ಮತ್ತು ಅಷ್ಟು ಸಿಕ್ಕರೆ ಅದು ಸಣ್ಣ ಮಾತಲ್ಲ.

ಮೊಬೈಲ್ ಎಂಬುದು ನಮ್ಮ ದೇಶದಲ್ಲೂ ಪರೀಕ್ಷೆಯಾಗಿರುವ ಸಾಧನ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಚೆನ್ನೈನ ಅದೇ ಬಳಗದವರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 537 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಊಟ–ನಡಿಗೆಯ ಬಗ್ಗೆ ಮೊಬೈಲಿಗೆ ಸಂದೇಶ ಕಳಿಸುತ್ತಾ ಬಂದರು. ಎರಡು ವರ್ಷದಲ್ಲಿ ಸಂದೇಶ ಪಡೆದವರಲ್ಲಿ ನೂರಕ್ಕೆ 18 ಜನರಿಗೆ ಕಾಯಿಲೆ ಬಂತು, ಪಡೆಯದವರಲ್ಲಿ 27 ಜನರಿಗೆ. ಆ 537 ಜನರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಎಲ್ಲರೂ ದುಡಿಯುವ ಗಂಡಸರು. ಹೆಂಗಸಿನ ಮೊಬೈಲು ಗಂಡಸಿನ ಮೊಬೈಲಿನಂತಲ್ಲ ಎಂಬುದು ಈ ಚರ್ಚೆಯಲ್ಲಿ ಮೇಲಿಂದ ಮೇಲೆ ಮರೆತುಹೋಗುವ ಸಂಗತಿ. ಆಮೇಲೆ ಅದಕ್ಕೆ ಬರುತ್ತೇನೆ.

ನೆರೆಮನೆಯವರ ಜೊತೆ ನಡೆದರೆ ಸಾಲದೇ, ಇದಕ್ಕೆ ಮೊಬೈಲು ಯಾಕೆ ಎಂದು ಕೇಳಬಹುದು. ಓಣಿಯಲ್ಲಿ ಜೋಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. 14 ದೇಶಗಳ 42 ಅಧ್ಯಯನಗಳನ್ನು ಒಟ್ಟುಮಾಡಿ 2015ರಲ್ಲಿ ನೋಡಿದಾಗ, ಗುಂಪಾಗಿ ನಡೆಯುವವರಲ್ಲಿ ರಕ್ತದೊತ್ತಡ ಇಳಿದಿತ್ತು, ತೂಕ ತುಸು ಇಳಿದಿತ್ತು, ಮನಸ್ಸಿನ ಭಾರವೂ ಇಳಿದಿತ್ತು. ಆದರೆ ಹೆಣ್ಣಿನ ಜೋಡಿಗಳನ್ನು ಮದುವೆ ಚದುರಿಸುತ್ತದೆ. ಮುದ್ದೇಬಿಹಾಳದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಈಗ ಒಬ್ಬಳು ಇಂಡಿಯಲ್ಲಿ, ಒಬ್ಬಳು ಸಿಂದಗಿಯಲ್ಲಿ, ಇನ್ನೊಬ್ಬಳು ಸೊಲ್ಲಾಪುರದಲ್ಲಿ. ಗಂಡನ ಮನೆಯ ಓಣಿಯಲ್ಲಿ ಎಲ್ಲರೂ ಅತ್ತೆಯ ಗೆಳತಿಯರು, ನಾದಿನಿಯ ಗೆಳತಿಯರು. ತನ್ನವರು ಅಂತ ಆಗುವುದಕ್ಕೆ ವರ್ಷಗಳೇ ಬೇಕು. ಚದುರಿದ ಆ ಬೆಂಚನ್ನು ಮತ್ತೆ ಕೂಡಿಸುವುದಕ್ಕೆ ಮೊಬೈಲು ಬೇಕು. ರಾತ್ರಿ ಎಂಟೂವರೆಗೆ, ಪಾತ್ರೆ ತೊಳೆದಾದ ಮೇಲೆ, ಒಂದು ವಾಯ್ಸ್ ಮೆಸೇಜ್: ‘ಇವತ್ತ ಮಳಿ ಐತಿ, ಹೊರಗ ಹೋಗಿಲ್ಲ. ಪಡಸಾಲ್ಯಾಗ ಇಪ್ಪತ್ತ ನಿಮಿಷ ಅಡ್ಡಾಡೀನಿ.’ ಎರಡು ದಿನ ಸುದ್ದಿಯಿಲ್ಲದವಳಿಗೆ ಇನ್ನೊಂದು: ‘ಎರಡ ದಿನ ಆತು ನಿಮ್ಮ ದನಿ ಇಲ್ಲಲ್ರಿ ವೈನಿ, ಆರಾಮ ಅದೀರಿಲ್ಲೊ?’ ಈ ಎರಡನೆಯ ಮೆಸೇಜಿನಲ್ಲಿ ನಡಿಗೆಯ ಹೆಸರೇ ಇಲ್ಲ. ಯಾಕೆ ನಡೆಯಲಿಲ್ಲ ಎಂದು ಕೇಳಿದ್ದರೆ ಆಕೆ ಗ್ರೂಪ್ ಬಿಟ್ಟು ಹೋಗುತ್ತಿದ್ದಳು. ಆರಾಮ ಇದ್ದೀರಾ ಎಂದು ಕೇಳಿದ್ದರಿಂದ ಮರುದಿನ ಚಪ್ಪಲಿ ಮೆಟ್ಟುತ್ತಾಳೆ.

ಈ ಬಗೆಯ ವಿಚಾರಿಸುವಿಕೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂತು ಉಳಿತಾಯ ಕಟ್ಟಿದ್ದಾರೆ. ಅಲ್ಲಿ ದುಡ್ಡು ಉಳಿದದ್ದು ಹಣಕಾಸಿನ ಪಾಠದಿಂದಲ್ಲ. ಈ ವಾರ ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂದು ಕೇಳುವ ಹತ್ತು ಹದಿನೈದು ಜನ ಇದ್ದದ್ದರಿಂದ. ಹತ್ತು ರೂಪಾಯಿಯನ್ನು ವಾರವಾರ ತಪ್ಪದೆ ಕಟ್ಟಿಸಿದ ಆ ಬಲ ಹತ್ತು ನಿಮಿಷದ ನಡಿಗೆಯನ್ನು ದಿನದಿನ ತಪ್ಪದೆ ಮಾಡಿಸಲಾರದೇ? ಹೊಸ ಗ್ರೂಪ್ ಕಟ್ಟುವವರು ಇಂಥ ಸಂಘದಿಂದಲೇ ಶುರು ಮಾಡಬೇಕು ಎಂದು ನನ್ನ ಅಭಿಪ್ರಾಯ. ಪರಿಚಯವಿಲ್ಲದ ಇನ್ನೂರು ಜನರ ಗ್ರೂಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ಬರುತ್ತವೆ, ಔಷಧದ ಜಾಹೀರಾತು ಬರುತ್ತದೆ, ಒಬ್ಬಳು ಸುಮ್ಮನಾದರೆ ಯಾರಿಗೂ ತಿಳಿಯುವುದಿಲ್ಲ. ಹನ್ನೆರಡು ಹದಿನೈದು ಜನರಲ್ಲಿ ಒಂದು ದನಿ ಕಡಿಮೆಯಾದರೂ ಕಿವಿಗೆ ತಿಳಿಯುತ್ತದೆ.

ಈಗ ಮೊಬೈಲಿನ ಆಕ್ಷೇಪಕ್ಕೆ ಬರೋಣ. ಜನರನ್ನು ಕೂರಿಸಿದ್ದೇ ಈ ಮೊಬೈಲು, ಅದರಿಂದಲೇ ಎಬ್ಬಿಸುತ್ತೀರಾ ಎಂಬುದು ಒಂದು. ಸರಿಯಾದ ಪ್ರಶ್ನೆ, ಆದ್ದರಿಂದಲೇ ದಿನಕ್ಕೊಂದು ಹೊತ್ತು, ಒಬ್ಬರಿಗೊಂದು ಮೆಸೇಜ್, ಅದಕ್ಕಿಂತ ಹೆಚ್ಚಿಗೆ ಬೇಡ ಎಂಬ ಕಟ್ಟುಪಾಡು ಮೊದಲ ದಿನವೇ ಇರಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ನಾನು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಹೆಂಗಸರು ನೂರಕ್ಕೆ 35, ಗಂಡಸರು 62. ಆಮೇಲಿನ ವರ್ಷಗಳಲ್ಲಿ ಸ್ಮಾರ್ಟ್‌ಫೋನ್ ಮನೆಮನೆಗೆ ಬಂದಿದೆ ನಿಜ, ಆದರೆ ಅದು ಬಹಳ ಮನೆಗಳಲ್ಲಿ ಮನೆಯ ಫೋನು: ಹಗಲಲ್ಲಿ ಗಂಡನ ಕಿಸೆಯಲ್ಲಿ, ಸಂಜೆ ಮಗನ ಕೈಯಲ್ಲಿ. ಆನ್‌ಲೈನ್ ಎಂದ ಕೂಡಲೇ ಎಲ್ಲರಿಗೂ ತಲುಪಿತು ಎಂದು ತಿಳಿಯುವವರು ಎಲ್ಲಕ್ಕಿಂತ ಹೆಚ್ಚು ಅಗತ್ಯ ಇರುವವಳನ್ನೇ ಹೊರಗಿಡುತ್ತಾರೆ. ಅದಕ್ಕೆ ದಾರಿಯಿದೆ. ಸ್ಮಾರ್ಟ್‌ಫೋನ್ ಇದ್ದವಳಿಗೆ ಇಲ್ಲದ ಇಬ್ಬರನ್ನು ಜೋಡಿಸಬೇಕು. ಸಂಜೆ ಅಂಗಳದಲ್ಲಿ ಸ್ಪೀಕರ್ ಹಚ್ಚಿ ಮೂವರೂ ಕೂಡಿ ಕೇಳಬೇಕು. ಸಾದಾ ಫೋನ್ ಇರುವವಳು ನಡೆದು ಬಂದ ಕೂಡಲೇ ಒಂದು ಮಿಸ್ ಕಾಲ್ ಕೊಟ್ಟರೆ ಸಾಕು, ಅದೇ ಹಾಜರಿ. ಓದು ಬರಹ ಬಾರದವಳಿಗೆ ದನಿಯ ಮೆಸೇಜ್ ಇದೆ. ಫೋಟೊ ಬೇಡವೇ ಬೇಡ. ಯಾರ ಫೋಟೊ ಯಾರ ಫೋನಿಗೆ ಹೋಗುತ್ತದೋ ಎಂಬ ಅಂಜಿಕೆ ನಮ್ಮ ಮನೆಗಳಲ್ಲಿ ನಿಜವಾದದ್ದು, ಅದನ್ನು ಗೌರವಿಸಬೇಕು.

ಹೆಜ್ಜೆ ಎಣಿಸುವ ಆ್ಯಪ್‌ಗಳ ಬಗ್ಗೆಯೂ ಒಂದು ಮಾತು. 26 ಅಧ್ಯಯನಗಳನ್ನು ಒಟ್ಟುಮಾಡಿದ 2007ರ ಒಂದು ವಿಮರ್ಶೆಯಲ್ಲಿ, ಹೆಜ್ಜೆ ಎಣಿಸುವ ಯಂತ್ರ ಕಟ್ಟಿಕೊಂಡವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದಿದ್ದರು. ಅವರಲ್ಲಿ ನೂರಕ್ಕೆ 85 ಹೆಂಗಸರು. ಕೈಯಲ್ಲಿ ಒಂದು ಗುರಿ ಇದ್ದದ್ದೇ ಅದರ ಗುಟ್ಟು. ಆದರೆ ಸೀರೆಗೆ ಕಿಸೆ ಇಲ್ಲ. ಫೋನು ಅಡುಗೆಮನೆಯ ಕಟ್ಟೆಯ ಮೇಲೋ ಚಾರ್ಜರಿನ ತುದಿಯಲ್ಲೋ ಇರುತ್ತದೆ, ಆಕೆ ಮಾಳಿಗೆ ಹತ್ತಿ ಇಳಿದು ಬಂದರೂ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ನಮ್ಮ ಗ್ರೂಪ್‌ಗಳಿಗೆ ಹೆಜ್ಜೆಗಿಂತ ಹೊತ್ತೇ ಒಳ್ಳೆಯ ಅಳತೆ. ಹನುಮಂತದೇವರ ಗುಡಿಯಿಂದ ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದೆ ಎನ್ನುವುದು ಯಾವ ಸಂಖ್ಯೆಗಿಂತಲೂ ಸ್ಪಷ್ಟ. ಇನ್ನೊಂದು ಕಾರಣಕ್ಕೂ ಅದು ಒಳ್ಳೆಯದು. ಸಂಖ್ಯೆ ಬಂದರೆ ಪೈಪೋಟಿ ಬರುತ್ತದೆ, ಎಂಟು ಸಾವಿರ ನಡೆದವಳ ಮುಂದೆ ಎರಡು ಸಾವಿರ ನಡೆದವಳು ನಾಚಿ ಸುಮ್ಮನಾಗುತ್ತಾಳೆ, ಮತ್ತು ಸುಮ್ಮನಾಗುವುದೇ ಬಿಡುವುದರ ಮೊದಲ ಮೆಟ್ಟಿಲು. ಒಬ್ಬೊಬ್ಬಳೂ ತನ್ನ ಹೋದ ವಾರದ ಜೊತೆಗೆ ಮಾತ್ರ ಹೋಲಿಸಿಕೊಳ್ಳಲಿ. ಒಮ್ಮೆಗೇ ಅರ್ಧ ತಾಸು ಆಗದಿದ್ದರೆ ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆಯಲಿ. ನ್ಯೂಜಿಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದ 2016ರ ಅಧ್ಯಯನದಲ್ಲಿ ದಿನದ ಯಾವುದೋ ಹೊತ್ತಿನ ಅರ್ಧ ತಾಸಿಗಿಂತ ಪ್ರತಿ ಊಟದ ನಂತರದ ಹತ್ತು ನಿಮಿಷ ರಕ್ತದ ಸಕ್ಕರೆಯನ್ನು ಹೆಚ್ಚು ಇಳಿಸಿತ್ತು. ಅಷ್ಟೇ ಮುಖ್ಯವಾದ ಎಚ್ಚರಿಕೆಯೂ ಇದೆ. ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ನಾಲ್ಕು ಹೆಜ್ಜೆಗೆ ಏದುಸಿರು ಬರುವವಳಿಗೆ, ಎದೆ ಹಿಡಿದಂತಾಗುವವಳಿಗೆ ಗ್ರೂಪ್‌ನವರು ಧೈರ್ಯ ತುಂಬಬಾರದು, ದವಾಖಾನೆಗೆ ಕಳಿಸಬೇಕು. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ನಡೆಯಬಾರದು. ಏಪ್ರಿಲ್–ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಏಳರ ಒಳಗೆ ನಡೆದು ಮುಗಿಸಬೇಕು.

ಮಂದಿ ಏನಂದಾರು ಎಂಬ ಆಕ್ಷೇಪ ಮೇಲ್ನೋಟಕ್ಕೆ ಹಗುರ, ಒಳಗೆ ಬಲು ಗಟ್ಟಿ. ಕೊಡ ಹಿಡಿದು ಹೊರಟವಳನ್ನು, ಗುಡಿಗೆ ಹೊರಟವಳನ್ನು ಯಾರೂ ಕೇಳುವುದಿಲ್ಲ. ಬರಿಗೈಯಲ್ಲಿ, ಎಲ್ಲಿಗೂ ಅಲ್ಲದೆ, ಸುಮ್ಮನೆ ನಡೆಯುವ ಹೆಂಗಸನ್ನು ಓಣಿ ತಿರುಗಿ ನೋಡುತ್ತದೆ. ದೂರದ ಗೆಳತಿಯ ದನಿ ಈ ನೋಟವನ್ನು ತಡೆಯಲಾರದು. ಬೀದಿ ನಾಯಿಯನ್ನೂ ತಡೆಯಲಾರದು, ಕೆಟ್ಟ ರಸ್ತೆಯನ್ನೂ ಸರಿ ಮಾಡಲಾರದು. ಅದಕ್ಕೆ ಪುರಸಭೆ ಬೇಕು, ದೀಪ ಬೇಕು, ಬೆಳಿಗ್ಗೆ ಒಂದು ತಾಸು ಶಾಲೆಯ ಮೈದಾನದ ಗೇಟು ತೆರೆದಿರಬೇಕು. ಆದರೆ ಒಬ್ಬೊಬ್ಬಳೇ ಕೇಳಿದರೆ ಸಿಗದ ಗೇಟಿನ ಚಾವಿ ಹದಿನೈದು ಹೆಸರಿನ ಅರ್ಜಿಗೆ ಸಿಗುವ ಸಾಧ್ಯತೆ ಹೆಚ್ಚು. ಅಂಥ ಅರ್ಜಿ ಬರೆಯಲು ಹದಿನೈದು ಹೆಸರು ಮೊದಲು ಎಲ್ಲೋ ಒಂದು ಕಡೆ ಕೂಡಬೇಕಷ್ಟೆ.

ಕೊನೆಗೆ ಉಳಿಯುವುದು ಹೊತ್ತಿನ ಪ್ರಶ್ನೆ. ಇದಕ್ಕೆ ಯಾವ ಗ್ರೂಪ್‌ನಿಂದಲೂ ಉತ್ತರ ಬರುವುದಿಲ್ಲ. ಕೇಂದ್ರ ಸರ್ಕಾರದ 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಮನೆಗೆಲಸ ಮಾಡುವವರು, ಅವರೇ ಕಡಿಮೆ, 88 ನಿಮಿಷ ಕೊಡುತ್ತಾರೆ. ಈ 289ರಿಂದ ಮೂವತ್ತನ್ನು ಕಳೆಯದೆ ಆಕೆಗೆ ನಡೆ ಎಂದು ಹೇಳುವುದು ಆಕೆಯ ನಿದ್ದೆಯಿಂದ ಮೂವತ್ತನ್ನು ಕಿತ್ತುಕೊಂಡಂತೆ. ಆದ್ದರಿಂದ ನನ್ನ ಕೊನೆಯ ಮಾತು ಈ ಭಾಷಣ ಕೇಳುತ್ತಿರುವ ಗಂಡಸರಿಗೆ. ಹಾಲು ಕಾಯಿಸುವುದು, ಚಹಾ ಮಾಡುವುದು, ಮಗುವನ್ನು ಎಬ್ಬಿಸಿ ಮುಖ ತೊಳೆಸುವುದು. ಬೆಳಿಗ್ಗೆ ಆರರಿಂದ ಆರೂವರೆಯ ಒಳಗಿನ ಈ ಮೂರು ಕೆಲಸ ನಾಳೆಯಿಂದ ಯಾರ ಕೈಗೆ ಎಂಬುದನ್ನು ಇವತ್ತು ರಾತ್ರಿ ರೊಟ್ಟಿ ಮುರಿಯುವ ಹೊತ್ತಿಗೆ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.